ಹುಳದ ಮೇಸ್ತ್ರಿಯ ಕೊನೆಯ ಕಲ್ಲು

ಗಂಡನ ಪಕ್ಕದಿಂದ ಎದ್ದು, ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಳ್ಳುತ್ತ, ಆಕೆ ನೀರಿನ ಮಗ್ಗು ಹಿಡಿದು ಹಿಂದಿನ ಕೋಣೆಯ ಕಡೆಗೆ ಹೊರಟಿದ್ದಳು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯವರು, ಮ್ಯೂಸಿಯಮ್ಮಿನಲ್ಲಿ ಜೊತೆಗೆ ಕೆಲಸ ಮಾಡಿದವರು, ಯಾವುದೋ ಕಾಲದಲ್ಲಿ ಮದುವೆಗೆ ಬಂದು ಹೋದಮೇಲೆ ಮುಖವನ್ನೇ ತೋರಿಸದ ನೆಂಟರು, ಎಲ್ಲರೂ ಈ ಒಂದೇ ಬೆಳಗ್ಗೆ ಈ ಪುಟ್ಟ ಮನೆಗೆ ನುಗ್ಗಿದ್ದರು. ಬದುಕಿದ್ದಾಗ ಇವರಲ್ಲಿ ಅರ್ಧ ಜನ ಬಂದು ಕೂತು ಮಾತಾಡಿಸಿದ್ದರೂ ಮನುಷ್ಯ ಇನ್ನೊಂದಿಷ್ಟು ದಿನ ಗೆಲುವಾಗಿರುತ್ತಿದ್ದನಲ್ಲ ಎಂದು ಆಕೆಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟಿಗೂ ಪುರುಸೊತ್ತಿರಲಿಲ್ಲ.

ಅತ್ತಿಗೆ ಕೈ ಹಿಡಿದು ನಿಲ್ಲಿಸಿದಳು. ಸತ್ತವನ ಅಕ್ಕ ಅವಳು. ಬಂದ ಗಳಿಗೆಯಿಂದ ಮನೆಯ ಕಾರುಬಾರೆಲ್ಲ ಅವಳದೇ. ಯಾರು ಎಲ್ಲಿ ಕೂರಬೇಕು, ಯಾರಿಗೆ ಚಹಾ ಕೊಡಬೇಕು ಎನ್ನುವುದಿರಲಿ, ಯಾರು ಯಾವಾಗ ಅಳಬೇಕು ಎನ್ನುವುದೂ ಅವಳ ಅಪ್ಪಣೆಯ ಮೇಲೆ ನಡೆಯುವಂತಿತ್ತು.

"ಎಲ್ಲಿಗೆ ಹೊರಟೆ ಈಗ?"

"ಕಲ್ಲಿಗೆ ನೀರು ಹಾಕ್ಬೇಕು ಅಕ್ಕಾ. ಬೆಳಗ್ಗೆಯಿಂದ ಹಾಕಿಲ್ಲ."

ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, ಪಾಪ, ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ, ಅದೇ ತಲೆಗೇರಿದೆ ಎಂದು ಪಿಸುಗುಟ್ಟಿದಳು. ಅತ್ತಿಗೆ ಮಗ್ಗನ್ನು ಕಿತ್ತುಕೊಳ್ಳಲು ನೋಡಿದಳು. ಆಕೆ ಬಿಡಲಿಲ್ಲ. ಅರ್ಧ ನೀರು ಯಾರದೋ ಮಡಿಲಿಗೆ ಚೆಲ್ಲಿತು. ಉಳಿದರ್ಧದ ಜೊತೆ ಆಕೆ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು.

ಕೋಣೆ ಖಾಲಿಯಾಗಿತ್ತು. ಗೋಡೆಯುದ್ದಕ್ಕೂ ಇದ್ದ ಪ್ಲಾಸ್ಟಿಕ್ ಟಬ್ಬುಗಳನ್ನು ಒಂದರ ಮೇಲೊಂದು ಬೋರಲು ಹಾಕಿ ಮೂಲೆಗೆ ಸೇರಿಸಿದ್ದರು. ನೆಲ ಒರೆಸಿ, ಬಾಡಿಗೆ ಕುರ್ಚಿ ಹಾಕಿದ್ದರು. ಕುರ್ಚಿಗಳಲ್ಲಿ ಕೂತ ಇಬ್ಬರು ಗಂಡಸರು ಆಕೆಯನ್ನು ಕಂಡು ತಟಕ್ಕನೆ ಎದ್ದು ನಿಂತರು.

"ಇಲ್ಲಿದ್ದ ಕಲ್ಲೆಲ್ಲಿ?"

"ಅದಾ ಅಮ್ಮಾ? ನಿಮ್ಮ ಮಗಳು ಹೊರಗಿಟ್ರು, ಬಿಸಿಲಿಗೆ. ನಾವು ಕೈ ಹಾಕ್ತೀವಿ ಅಂದ್ರೂ ಬಿಡ್ಲಿಲ್ಲ, ಒಬ್ರೇ ಹೊತ್ರು," ಎಂದ ಒಬ್ಬ, ಮೆಚ್ಚುಗೆಯ ದನಿಯಲ್ಲಿ.

ಬಿಸಿಲು ಎನ್ನುವ ಮಾತು ಕಿವಿಗೆ ಬಿದ್ದದ್ದೇ ಆಕೆಯ ಎದೆ ಧಸಕ್ಕೆಂದಿತು. ಬೆಳಗಿನ ಜಾವ ಗಂಡನ ಕೈ ತಣ್ಣಗಾದದ್ದು ಗೊತ್ತಾದಾಗಲೂ ಹೀಗೆ ಆಗಿರಲಿಲ್ಲ. ಅದಕ್ಕೆ ಮನಸ್ಸು ಎಂದೋ ಸಿದ್ಧವಾಗಿತ್ತು, ಇದಕ್ಕೆ ಆಗಿರಲಿಲ್ಲ.

*

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಕೂತು ಕಲ್ಲು ಬಿಡಿಸುವುದು ಅವನ ಕೆಲಸ. ಊರಾಚೆ ಈಗ ಗುಡ್ಡವಿರುವ ಜಾಗದಲ್ಲಿ ಡೈನೋಸಾರುಗಳ ಕಾಲಕ್ಕೆ ಒಂದು ಕೆರೆಯಿತ್ತಂತೆ. ಕ್ರಿಟೇಷಿಯಸ್ ಕಾಲ ಎಂದು ಮ್ಯೂಸಿಯಮ್ಮಿನ ಬೋರ್ಡಿನಲ್ಲಿ ಬರೆದಿತ್ತು. ಆ ಕೆರೆಗೆ ಬಿದ್ದ ಹುಳಹುಪ್ಪಟೆ ತಳದ ಕೆಸರಿನಲ್ಲಿ ಕೂತು, ಅದರ ಮೇಲೆ ಇನ್ನಷ್ಟು ಕೆಸರು ಕೂತು, ಕೊನೆಗೆ ಕೆರೆಗೆ ಕೆರೆಯೇ ಕಲ್ಲಾಗಿತ್ತು. ಆ ಕಲ್ಲನ್ನು ತೆಳ್ಳನೆಯ ಅಲಗಿನಿಂದ ಪದರ ಪದರವಾಗಿ ಬಿಡಿಸಿದರೆ ಒಮ್ಮೊಮ್ಮೆ ಒಳಗೊಂದು ನೊಣ, ಒಂದು ಜೀರುಂಡೆ, ರೆಕ್ಕೆಯ ನರ ಕೂಡ ಎಣಿಸಬಹುದು ಎನ್ನುವಂತೆ, ನಿನ್ನೆ ಸತ್ತು ಬಿತ್ತೇನೋ ಎನ್ನುವಂತೆ ಸಿಗುತ್ತಿತ್ತು. ಅದಕ್ಕೇ ಅವನಿಗೆ ಹುಳದ ಮೇಸ್ತ್ರಿ ಎಂದು ಹೆಸರು ಬಿದ್ದದ್ದು. ಜನ ಬರುತ್ತಿದ್ದದ್ದು ಮೇಲಿನ ಮಹಡಿಯ ದೊಡ್ಡ ದೊಡ್ಡ ಮೂಳೆಗಳನ್ನು ನೋಡಲು. ಹುಳಗಳ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವವರು ಶೂ ಲೇಸು ಕಟ್ಟಿಕೊಳ್ಳುವವರು ಮಾತ್ರ ಎಂದು ಮೇಸ್ತ್ರಿಯೇ ಹೇಳಿ ನಗುತ್ತಿದ್ದ.

ಆ ಕಲ್ಲಿನ ಜಾಯಮಾನ ವಿಚಿತ್ರ. ನೆಲದಿಂದ ತೆಗೆದ ಹಸಿಯಲ್ಲೇ ಇರಬೇಕು. ಬಿಡಿಸುವ ತನಕ ಒದ್ದೆ ಬಟ್ಟೆ ಸುತ್ತಿ ನೀರಿನ ಟಬ್ಬಿನಲ್ಲಿ ಇಡಬೇಕು. ಬಿಡಿಸಿದ ಮೇಲೂ ಕಾಗದದಲ್ಲಿ ಸುತ್ತಿ, ಕತ್ತಲಲ್ಲಿಟ್ಟು, ತಿಂಗಳುಗಟ್ಟಲೆ ಅದರ ಪಾಡಿಗೆ ಅದು ಒಣಗಲು ಬಿಡಬೇಕು. ಒಮ್ಮೆಗೇ ಬಿಸಿಲು ತಾಗಿತೋ, ಕಲ್ಲು ಮುರುಟಿಕೊಂಡು ಬಿರಿಯುತ್ತದೆ, ಹುಳ ಹಪ್ಪಳೆಯೆದ್ದು ಉದುರಿಹೋಗುತ್ತದೆ. ಆಮೇಲೆ ಅಯ್ಯೋ ಎಂದು ನೀರು ಹಾಕಿದರೆ ಇನ್ನೂ ಕೇಡು, ಚಹಾಕ್ಕೆ ಬಿದ್ದ ಬಿಸ್ಕತ್ತಾಗುತ್ತದೆ. ಈ ಕಲ್ಲುಗಳು ಮನೆಗೆ ಬಂದ ಹೊಸತರಲ್ಲಿ ಆಕೆಗೆ ಅವನ್ನು ಕಂಡರಾಗುತ್ತಿರಲಿಲ್ಲ. ಸವತಿಗೂ ಇಷ್ಟು ಉಪಚಾರ ಮಾಡುವವರಿಲ್ಲ ಎಂದು ಗೊಣಗುತ್ತಿದ್ದಳು.

ಮೇಸ್ತ್ರಿ ನಿವೃತ್ತನಾಗುವ ಹೊತ್ತಿಗೆ ಹುಳದ ವಿಭಾಗವನ್ನೇ ಮುಚ್ಚಿದರು. ಗುಡ್ಡದ ಮೇಲೆ ಹೆದ್ದಾರಿ ಬಂತು. ಡಾಂಬರು ಬೀಳುವ ಮುಂಚೆ ಮೇಸ್ತ್ರಿ ಮೇಲಿನವರನ್ನು ಕಾಡಿ ಬೇಡಿ ಆ ಕೆರೆಯ ಕೊನೆಯ ಕಲ್ಲುಗಡ್ಡೆಗಳನ್ನು ಮನೆಗೆ ಹೊತ್ತು ತಂದ. ಹಿಂದಿನ ಕೋಣೆ ತುಂಬ ಟಬ್ಬುಗಳಾದವು. ಇನ್ನೇನು ಕೂತು ಬಿಡಿಸಬೇಕು ಎನ್ನುವಾಗ ಅವನ ಕೈ ನಡುಗಲು ಶುರುವಾಯಿತು. ವಯಸ್ಸಿನ ನಡುಕವಲ್ಲ, ನರದ ಕಾಯಿಲೆ, ಹೋಗುವುದಲ್ಲ ಎಂದರು ಡಾಕ್ಟರು. ಒಂದು ದಿನ ಅಲಗು ಜಾರಿ ಒಂದೊಳ್ಳೆಯ ಜೀರುಂಡೆ ಎರಡು ತುಂಡಾದಾಗ ಅವನು ಗೋಡೆಗೆ ತಲೆ ಕೊಟ್ಟು ಮಗುವಿನ ಹಾಗೆ ಅತ್ತ.

ಆಕೆ ಅವನ ಕೈಯಿಂದ ಅಲಗು ತೆಗೆದುಕೊಂಡಳು. "ಎಲ್ಲಿ ಇಡ್ಬೇಕು, ತೋರ್ಸಿ," ಎಂದಳು.

ಅಂದಿನಿಂದ ಕಣ್ಣು ಅವನದು, ಕೈ ಆಕೆಯದು. ಇಲ್ಲಿ, ಇನ್ನೊಂಚೂರು ಮೇಲೆ, ಒತ್ತಬೇಡ, ಅದಾಗಿಯೇ ಬರಲಿ ಎನ್ನುತ್ತ ಅವನು ಪಕ್ಕದಲ್ಲಿ ಕೂರುತ್ತಿದ್ದ. ಇಡೀ ಸಂಸಾರದಲ್ಲಿ ಅವರಿಬ್ಬರು ಅಷ್ಟು ಹತ್ತಿರ, ಅಷ್ಟು ಹೊತ್ತು ಕೂತದ್ದೇ ಇರಲಿಲ್ಲ. ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಮುದುಕ ಮುದುಕಿಗೆ ಬೇರೆ ಕೆಲಸವಿಲ್ಲ ಎನ್ನುತ್ತಿದ್ದರು.

ಮೇಸ್ತ್ರಿಗೆ ಒಂದೇ ಒಂದು ಆಸೆಯಿತ್ತು. ನೀರಿನಲ್ಲಿ ಬದುಕುವ ಒಂದು ಜಾತಿಯ ದೊಡ್ಡ ತಿಗಣೆಯಿದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿಗೆ ಅಂಟಿಸಿ ತನ್ನ ಪಾಡಿಗೆ ಹೋಗುತ್ತದೆ. ಮರಿಯಾಗುವ ತನಕ ಅಷ್ಟನ್ನೂ ಹೊತ್ತು ಈಜುವುದು ಗಂಡು. ಆ ಹಳೆಯ ಕೆರೆಯಲ್ಲೂ ಆ ತಿಗಣೆಯಿತ್ತು. ಬರಿಬೆನ್ನಿನವು ಮೇಸ್ತ್ರಿಯ ಕೈಗೆ ಬೇಕಾದಷ್ಟು ಸಿಕ್ಕಿದ್ದವು. ಮೊಟ್ಟೆ ಹೊತ್ತ ಅಪ್ಪ ಮಾತ್ರ ಸಿಕ್ಕಿರಲಿಲ್ಲ.

"ಒಳ್ಳೇ ಸಂಸಾರ," ಎಂದು ಆಕೆ ರೇಗಿಸಿದ್ದಳು. "ನಾನೂ ಮಗಳನ್ನ ನಿಮ್ಮ ಬೆನ್ನಿಗೆ ಕಟ್ಟಿ ಹೋಗಿಬಿಡ್ಬೇಕಿತ್ತು."

ಮೇಸ್ತ್ರಿ ನಗಲಿಲ್ಲ. "ಕಟ್ಟಿದ್ರೆ ಹೊರ್ತಿದ್ದೆ ಕಣೇ," ಎಂದ. ತಾನು ನೆಲಮಾಳಿಗೆಯಲ್ಲಿ ಕೂತಿದ್ದಾಗ ಮೇಲೆ ಮಗಳು ಬೆಳೆದು ದೊಡ್ಡವಳಾಗಿಬಿಟ್ಟಳು ಎನ್ನುವ ಸಂಕಟ ಅವನಿಗೆ ಆಮೇಲೆ ಹತ್ತಿಕೊಂಡಿತ್ತು.

*

ಹಿತ್ತಲಿನ ಸಿಮೆಂಟಿನ ನೆಲದ ಮೇಲೆ ಹಳೇ ಹೊದಿಕೆ ಹಾಸಿ, ಅದರ ಮೇಲೆ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ದೊಡ್ಡದೊಂದು ಸಾಲು, ಚಿಕ್ಕದೊಂದು ಸಾಲು. ಸುತ್ತಿದ ಕಾಗದ, ಬಟ್ಟೆ ಎಲ್ಲ ಬಿಚ್ಚಿ ಒಂದು ಬುಟ್ಟಿಗೆ ತುಂಬಿತ್ತು. ಮಗಳು ಮಂಡಿಯೂರಿ ಕೂತು ಕೊನೆಯ ಕಲ್ಲಿನ ಅಂಚನ್ನು ಒರೆಸುತ್ತಿದ್ದಳು. ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಅವಳು. ಬೆಳಗಿನ ಮೊದಲ ಬಸ್ಸಿಗೆ ಬಂದು, ಅಪ್ಪನ ಮುಖ ನೋಡಿ ಬಿಕ್ಕಿ ಬಿಕ್ಕಿ ಅತ್ತು, ಆಮೇಲೆ ಎಲ್ಲೋ ಮಾಯವಾಗಿದ್ದಳು. ಎಲ್ಲಿ ಹೋದಳೆಂದು ಈಗ ತಿಳಿಯಿತು.

"ಅಮ್ಮಾ, ನೀನ್ಯಾಕೆ ಎದ್ದು ಬಂದೆ?" ಎಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ನೋಡು, ಅಪ್ಪನ ಕಲ್ಲೆಲ್ಲ ನೀರಲ್ಲಿ ನೆಂದು ಹೋಗಿದ್ವು. ಸುತ್ತಿದ ಬಟ್ಟೆ ಕೂಡ ತೊಪ್ಪೆ. ಅವ್ರನ್ನ ನೋಡ್ಕೊಳ್ಳೋ ಗಡಿಬಿಡಿಲಿ ನಿಂಗೆ ಗೊತ್ತಾಗಿಲ್ಲ ಅನ್ಸುತ್ತೆ. ಒಂದೊಂದನ್ನೂ ಒರೆಸಿ ಇಟ್ಟಿದೀನಿ. ಬೇರೆ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

ತಾಯಿ ಬುಟ್ಟಿಯಲ್ಲಿದ್ದ ಒದ್ದೆ ಬಟ್ಟೆಯೊಂದನ್ನು ಎತ್ತಿಕೊಂಡಳು.

"ಬದುಕಿದ್ದಾಗ ಅವರ ಒಂದು ಕಲ್ಲನ್ನೂ ಮುಟ್ಟಿ ನೋಡ್ಲಿಲ್ಲ ನಾನು," ಎಂದಳು ಮಗಳು. "ಇಷ್ಟಾದ್ರೂ ಮಾಡೋಕಾಯ್ತಲ್ಲ ಅಮ್ಮಾ ನನ್ನ ಕೈಲಿ. ಇದೊಂದೇ ನಂಗೆ ಸಮಾಧಾನ."

ಆಕೆ ಕಲ್ಲುಗಳ ಮೇಲೆ ಕಣ್ಣಾಡಿಸಿದಳು. ತೆಳ್ಳಗಿನವು ಆಗಲೇ ಬೆಳ್ಳಗೆ ಬಿಳಿಚಿ ಅಂಚು ಮೇಲೆತ್ತಿದ್ದವು. ಎರಡು ವರ್ಷ ತಾನೇ ಕೈಯಾರೆ ಬಿಡಿಸಿದ ನೊಣಗಳು, ಜೀರುಂಡೆಗಳು, ಒಂದು ಏರೋಪ್ಲೇನ್ ಚಿಟ್ಟೆಯ ಅರ್ಧ ರೆಕ್ಕೆ. ಅವು ಹೋದವು ಎಂದು ನೋಡಿದ ಕೂಡಲೇ ತಿಳಿಯಿತು. ಹೋಗಲಿ. ಅವನ್ನು ಮೇಸ್ತ್ರಿ ಕಣ್ತುಂಬ ನೋಡಿಯಾದರೂ ಇದ್ದ. ಆಕೆಯ ಕಣ್ಣು ಹುಡುಕುತ್ತಿದ್ದದ್ದು ಬೇರೆಯದನ್ನು. ಸಾಲಿನ ತುದಿಯಲ್ಲಿ, ಇನ್ನೂ ಬಿಡಿಸದ, ರೊಟ್ಟಿಯಷ್ಟು ಅಗಲದ ಹಲಗೆಗಲ್ಲು. ಅದರ ನಡುವೆ ಮಾತ್ರ ಇನ್ನೂ ಹಸಿಯ ಕಪ್ಪಿತ್ತು. ಸುತ್ತಲಿನಿಂದ ಬಿಳುಪು ಒಳಗೆ ಹಬ್ಬುತ್ತಿತ್ತು.

ಬಾಯಿಬಿಟ್ಟು ಹೇಳಿದರೆ ಕಲ್ಲು ಉಳಿದೀತು. ಯಾರನ್ನಾದರೂ ನೆರಳು ಹಿಡಿದು ಕೂರಿಸಬಹುದು, ಒದ್ದೆ ಬಟ್ಟೆಯ ಮರೆ ಕಟ್ಟಬಹುದು, ಹೆಣ ಎತ್ತುವುದನ್ನೇ ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಅಪ್ಪನ ಕೊನೆಯ ಎರಡು ವರ್ಷವನ್ನು ಅಪ್ಪನ ಹೆಣ ಮನೆಯಲ್ಲಿರುವಾಗಲೇ ಒರೆಸಿ ಹಾಕಿದೆ ಎಂದು ಈ ಹುಡುಗಿಗೆ ಹೇಗೆ ಹೇಳುವುದು? ಜನ್ಮಪೂರ್ತಿ ಆ ಕೈಯನ್ನೇ ನೋಡಿಕೊಂಡು ಕೊರಗುತ್ತಾಳೆ. ಹೇಳದಿದ್ದರೆ ಕಲ್ಲು ಹೋಗುತ್ತದೆ, ಹೇಳಿದರೆ ಮಗಳು.

"ಒಳ್ಳೇದು ಮಾಡ್ದೆ," ಎಂದಳು ತಾಯಿ.

ಅಷ್ಟರಲ್ಲಿ ಮ್ಯೂಸಿಯಮ್ಮಿನ ಸಾಹೇಬರು ಹೂವಿನ ಚಕ್ರ ಹಿಡಿದು ಬಂದರು. ಮಗಳನ್ನು ಒಳಗೆ ಕಳಿಸಿ ಆಕೆ ಅವರ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಎಳೆದೊಯ್ದಳು. ಸಾಹೇಬರು ಬೆಚ್ಚಿದರು. ಕಲ್ಲು ಒಣಗುತ್ತಿದೆ, ಅದನ್ನು ನಿಲ್ಲಿಸಲು ಏನಾದರೂ ಮದ್ದಿದೆಯೇ, ಯಾರನ್ನಾದರೂ ಈಗಲೇ ಕರೆಸಬಹುದೇ ಎಂದು ಆಕೆ ತಡೆತಡೆದು ಕೇಳಿದಳು. ಸಾಹೇಬರು ಕೆಟ್ಟವರಲ್ಲ. ಸಂಕೋಚದಿಂದಲೇ ತಾವು ಮೂಳೆಯ ಕಡೆಯವರು, ಹುಳದ ವಿಷಯ ಬಲ್ಲವರು ಈಗ ಯಾರೂ ಇಲ್ಲ, ಬಲ್ಲವರಿದ್ದರೆ ನಿಮ್ಮ ಮನೆಯವರೇ ಎಂದರು. ಮುಂದಿನ ವಾರ ಯಾರನ್ನಾದರೂ ಕಳಿಸುತ್ತೇನೆ ಎಂದೂ ಸೇರಿಸಿದರು. ಮುಂದಿನ ವಾರ! ಆಕೆ ಅವರ ತೋಳು ಬಿಟ್ಟಳು.

ಮುಂದೆ ವ್ಯಾನಿನ ಹಾರ್ನು ಕೇಳಿಸಿತು. ಅತ್ತಿಗೆ ಹೆಸರು ಹಿಡಿದು ಕೂಗುತ್ತಿದ್ದಳು. ಈಗಲೇ ಅಲಗು ತಂದು ಬಿಡಿಸಿಬಿಡಲೇ ಎಂದುಕೊಂಡು ತನ್ನ ಕೈ ನೋಡಿಕೊಂಡರೆ ಅದು ಗಂಡನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಎಲ್ಲಿ ಇಡಬೇಕು ಎಂದು ತೋರಿಸುವ ಕಣ್ಣು ಒಳಗೆ ಮುಚ್ಚಿಕೊಂಡು ಮಲಗಿತ್ತು. ಆಕೆ ಆ ಹಲಗೆಗಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಒಳಗೆ ಒಯ್ದರೆ ಮಗಳ ಕಣ್ಣಿಗೆ ಬೀಳುತ್ತದೆ ಎಂದು, ಹಿತ್ತಲ ಗೋಡೆಯ ನೆರಳಿಗೆ ಒಯ್ದು ಇಟ್ಟಳು. ಅಷ್ಟೇ ಆದದ್ದು.

*

ಹಿಂದಿನ ದಿನ ಬೆಳಗ್ಗೆ ಆ ಕಲ್ಲಿನ ಅಂಚಿನಲ್ಲಿ ಒಂದು ಕಪ್ಪು ಗೀರು ಕಂಡಿತ್ತು. ಆಕೆಗೆ ಅದು ಹುಲ್ಲಿನ ಎಳೆಯಂತಿತ್ತು. ಮೇಸ್ತ್ರಿ ಭೂತಗನ್ನಡಿ ಹಿಡಿಯಲಾರದೆ ಆಕೆಯ ಕೈಯಲ್ಲೇ ಹಿಡಿಸಿ ಬಹಳ ಹೊತ್ತು ನೋಡಿದ.

"ಕಾಲು," ಎಂದ. "ಹಿಂಗಾಲು. ಒಳಗೆ ಮಲಗಿದೆ ಕಣೇ. ಬೆನ್ನು ಮೇಲಾಗಿ ಮಲಗಿದೆ."

"ಮೊಟ್ಟೆ?"

"ಪದರ ನೋಡು ಇಲ್ಲಿ, ಉಬ್ಬಿದೆ. ಬರಿಬೆನ್ನಿಗೆ ಹೀಗೆ ಉಬ್ಬೋದಿಲ್ಲ."

ಆಕೆಗೆ ಕೈ ತುರಿಸಿತು. ಈಗಲೇ ತೆಗೆದುಬಿಡೋಣ ಎಂದಳು. ಅಲಗು ಕೈಯಲ್ಲೇ ಇತ್ತು, ಕಲ್ಲು ಚೆನ್ನಾಗಿ ನೆಂದಿತ್ತು, ಬೆಳಕೂ ಬೇಕಾದಷ್ಟಿತ್ತು. ಮೇಸ್ತ್ರಿ ಬೇಡ ಎಂದ. ಭಾನುವಾರ ಮಗಳು ಬರುತ್ತೇನೆಂದಿದ್ದಾಳಲ್ಲ, ಅವಳು ಬರಲಿ, ಅವಳ ಮುಂದೆ ತೆರೆಯೋಣ. ಇಷ್ಟು ವರ್ಷ ಅಪ್ಪ ಏನು ಹುಡುಕುತ್ತಿದ್ದ ಎಂದು ಅವಳು ಒಂದು ಸಲ ನೋಡಲಿ. ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ, ನೋಡಿದರೆ ಆಗುತ್ತದೆ.

"ಅದು ಇಷ್ಟು ಕಾಲ ಕಾದಿದೆ, ಭಾನುವಾರದ ತನಕ ಕಾಯಲ್ವಾ?" ಎಂದು ನಕ್ಕ. ನಗುವಾಗ ಅವನ ಕತ್ತೂ ಅಲ್ಲಾಡುತ್ತಿತ್ತು. ಆಕೆ ಕಲ್ಲಿಗೆ ಹೊಸ ಬಟ್ಟೆ ಸುತ್ತಿ ಟಬ್ಬಿನಲ್ಲಿಟ್ಟಳು. ಬೆಳಗಾಗುವ ಹೊತ್ತಿಗೆ ಮೇಸ್ತ್ರಿ ಹೋಗಿದ್ದ.

*

ವ್ಯಾನಿನಲ್ಲಿ ಮಗಳು ತಾಯಿಯ ಹೆಗಲಿಗೆ ಒರಗಿ ಕೂತಳು. ಎದುರಿಗೆ ಮೇಸ್ತ್ರಿ ಮಲಗಿದ್ದ. ರಸ್ತೆ ಕೆಟ್ಟದಾಗಿತ್ತು. ಪ್ರತಿ ಹಳ್ಳಕ್ಕೂ ಅವನ ತಲೆ ಅತ್ತಿತ್ತ ಹೊರಳುತ್ತಿತ್ತು, ಬದುಕಿದ್ದಾಗ ನಡುಗುತ್ತಿದ್ದ ಹಾಗೆಯೇ. ಅತ್ತಿಗೆ ಮುಂದಿನ ಸೀಟಿನಿಂದ ತಿರುಗಿ, ನಿಧಾನ ಓಡಿಸಪ್ಪಾ, ಅವನಿಗೆ ಅಲುಗಾಡಿ ಅಲುಗಾಡಿ ಸಾಕಾಗಿದೆ ಎಂದು ಡ್ರೈವರಿಗೆ ಹೇಳಿದಳು. ಕಾರುಬಾರಿನ ಹೆಂಗಸಿನ ದನಿ ಮೊದಲ ಸಲ ಒಡೆಯಿತು.

"ಮೊನ್ನೆ ಅಪ್ಪ ಫೋನ್ ಮಾಡಿದಾಗ ಭಾನುವಾರ ಬರ್ತೀನಿ ಅಂದಿದ್ದೆ ಅಮ್ಮಾ," ಎಂದಳು ಮಗಳು. "ನಿನ್ನೆ ಮತ್ತೆ ಮಾಡಿದ್ರು. ನೀನು ಬಾ, ಒಂದು ವಿಶೇಷ ತೋರಿಸ್ತೀನಿ ಅಂದ್ರು. ಮತ್ತೆ ಕಲ್ಲಾ ಅಪ್ಪಾ ಅಂದುಬಿಟ್ಟೆ. ವಾರ್ಡಲ್ಲಿ ಗಲಾಟೆ ಇತ್ತು, ಫೋನ್ ಇಟ್ಟೆ." ತಾಯಿಯ ಕಡೆ ತಿರುಗಿ ಕೇಳಿದಳು. "ಏನಿತ್ತಮ್ಮಾ ವಿಶೇಷ?"

"ಏನಿಲ್ಲ. ನಿನ್ನ ನೋಡ್ಬೇಕಿತ್ತು ಅವ್ರಿಗೆ. ಅದಕ್ಕೊಂದು ನೆಪ," ಎಂದಳು ತಾಯಿ, ಕಿಟಕಿಯಾಚೆ ನೋಡುತ್ತ.

ಮಗಳು ಇನ್ನೂ ಜೋರಾಗಿ ಅತ್ತಳು. ಹೇಳಿದರೂ ಅಳು, ಹೇಳದಿದ್ದರೂ ಅಳು ಎಂದುಕೊಂಡಳು ತಾಯಿ.

ಸ್ಮಶಾನದಲ್ಲಿ ಗುಂಡಿ ತೋಡಿ ಆಗಿತ್ತು. ಮೇಲಿನ ಮಣ್ಣು ಕೆಂಪು, ಕೆಳಗಿನದು ಬೂದು ಬಣ್ಣದ ಜೇಡಿ. ಸಾಹೇಬರು ಒಂದೆರಡು ಮಾತಾಡಿದರು. ಇಂಥ ನಿಷ್ಠೆಯ ಕೆಲಸಗಾರ ಇನ್ನು ಹುಟ್ಟುವುದಿಲ್ಲ, ಅವರು ಬಿಡಿಸಿದ ಹುಳಗಳು ನಮ್ಮೆಲ್ಲರ ಆಸ್ತಿ ಎಂದರು. ಆ ಆಸ್ತಿ ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ ಎಂದು ಕೇಳುವ ಮನಸ್ಸಾಯಿತು ಆಕೆಗೆ, ಕೇಳಲಿಲ್ಲ. ತಲೆ ಬಗ್ಗಿಸಿ ನಿಂತಿದ್ದಳು. ಬಗ್ಗಿಸಿದ ಕಣ್ಣಿಗೆ ಕಾಲ ಬುಡದಲ್ಲಿ ತನ್ನ ನೆರಳು ಕಂಡಿತು.

ಬಂದಾಗ ಅದು ಉದ್ದಕ್ಕೆ ಮಗಳ ಪಾದದ ತನಕ ಚಾಚಿತ್ತು. ಈಗ ತನ್ನ ಚಪ್ಪಲಿಯ ಅಂಚಿಗೆ ಬಂದಿತ್ತು.

ನೆರಳು ಸರಿಯುತ್ತದೆ ಎನ್ನುವುದನ್ನೇ ಆಕೆ ಮರೆತಿದ್ದಳು. ಇಷ್ಟು ವಯಸ್ಸಾಗಿ, ದಿನಾ ಅದೇ ಹಿತ್ತಲಲ್ಲಿ ಬಟ್ಟೆ ಒಣಹಾಕಿ, ಗೋಡೆಯ ನೆರಳು ನಡುಮಧ್ಯಾಹ್ನಕ್ಕೆ ಬುಡ ಸೇರುತ್ತದೆ ಎಂದು ಹೊಳೆಯಲಿಲ್ಲವಲ್ಲ! ಮೇಸ್ತ್ರಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಬೇಗ ಇಳಿಸಿ ಎಂದು ಮನಸ್ಸು ಕೂಗಿತು. 'ಬೇಗ ಇಳಿಸಿ, ಬೇಗ ಮುಚ್ಚಿ, ನಾನು ಮನೆಗೆ ಹೋಗ್ಬೇಕು.' ಗಂಡನನ್ನು ಮಣ್ಣಿಗೆ ಕೊಡುವಾಗ ಹೀಗೆ ಅನ್ನಿಸಿತಲ್ಲ ಎಂದು ಹೆದರಿಕೆಯಾಯಿತು. ಆದರೂ ಅನ್ನಿಸಿದ್ದು ನಿಲ್ಲಲಿಲ್ಲ.

ಆಕೆ ಅತ್ತಿಗೆಯ ಕಿವಿಯಲ್ಲಿ, ನಾನು ಮುಂಚೆ ಹೊರಡುತ್ತೇನೆ ಎಂದಳು.

"ಹುಚ್ಚಾ ನಿಂಗೆ?" ಅತ್ತಿಗೆ ಹಲ್ಲು ಕಚ್ಚಿ ಹೇಳಿದಳು. "ಕೊನೇ ಮಣ್ಣು ಬೀಳೋ ತನಕ ನಿಲ್ಲು. ನೀನೊಬ್ಳೇ ಅವನಿಗಿದ್ದಿದ್ದು."

ಆ ಮಾತಿಗೆ ಆಕೆ ನಿಂತಳು. ಗುದ್ದಲಿಯವರು ನಿಧಾನಸ್ಥರು. ಒಂದೊಂದು ಗುದ್ದಲಿ ಮಣ್ಣಿಗೂ ಆಕೆಯ ಕಣ್ಣು ನೆರಳಿನ ಮೇಲಿತ್ತು. ಎಲ್ಲರೂ ಆಕೆ ಮಣ್ಣು ನೋಡಲಾರದೆ ತಲೆ ತಗ್ಗಿಸಿದ್ದಾಳೆ ಎಂದುಕೊಂಡರು.

*

ಮನೆಗೆ ಬಂದದ್ದೇ ಎಲ್ಲರೂ ಕಾಲಿನ ಮಣ್ಣು ತೊಳೆಯಲು ಮುಂದಿನ ನಲ್ಲಿಯ ಹತ್ತಿರ ನೆರೆದರು. ಆಕೆ ಯಾರ ಕೈಗೂ ಸಿಗದೆ ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ನಡೆದಳು. ನಡೆದದ್ದಲ್ಲ, ಓಡಿದಳು.

ಗೋಡೆಯ ನೆರಳು ಬುಡಕ್ಕೆ ಮುದುರಿಕೊಂಡಿತ್ತು. ಕಲ್ಲು ನಡುಬಿಸಿಲಿನಲ್ಲಿತ್ತು.

ಅದು ತಾನಾಗಿಯೇ ಬಿಚ್ಚಿಕೊಂಡಿತ್ತು. ಆಕೆಯ ಕೈ ಬೇಕಾಗಿರಲಿಲ್ಲ, ಅವನ ಕಣ್ಣೂ ಬೇಕಾಗಿರಲಿಲ್ಲ. ಮೇಲಿನ ಪದರ ಬಿರಿದು ಪಕ್ಕಕ್ಕೆ ಜಾರಿ ಬಿದ್ದಿತ್ತು. ಕೆಳಗಿನದರ ಮೇಲೆ, ಬಿಳಿಚಿದ ಕಲ್ಲಿನಲ್ಲಿ ಅಪ್ಪಟ ಕಪ್ಪಾಗಿ, ಹುಳ ಮಲಗಿತ್ತು. ಹಿಂಗಾಲು ಚಾಚಿ, ಮುಂಗಾಲು ಮಡಿಸಿ, ಇಡಿಯಾಗಿ. ಬೆನ್ನ ತುಂಬ ಮೊಟ್ಟೆ. ಒಂದಕ್ಕೊಂದು ಒತ್ತಿಕೊಂಡು, ಒಂದೂ ತಪ್ಪದೆ, ಕತ್ತಿನಿಂದ ಹಿಂಬದಿಯವರೆಗೆ ಮೊಟ್ಟೆ.

"ಇದೆ ರೀ," ಎಂದಳು ಆಕೆ ಗಟ್ಟಿಯಾಗಿ. "ನೀವು ಹೇಳಿದ್ದೇ ಸರಿ. ಇದೆ."

ಬೆಳಗಿನಿಂದ ಬರದ ಅಳು ಆಗ ಬಂತು. ಬಂದದ್ದೇ ಆಕೆ ಬಾಯಿ ಮುಚ್ಚಿಕೊಂಡಳು. ಉಸಿರು ತಾಗಿ ಅಂಚಿನ ಒಂದು ಮೊಟ್ಟೆ ಎದ್ದು ಹಾರಿತ್ತು. ಕರಿ ಹೊಟ್ಟಿನ ಒಂದು ಚೂರು, ಅಷ್ಟೇ. ಅದರ ಪಕ್ಕದ್ದೂ ಅಂಚು ಬಿಟ್ಟು ನಿಂತಿತ್ತು. ಆಕೆ ಬಿಸಿಲಿಗೆ ಬೆನ್ನು ಕೊಟ್ಟು, ಕಲ್ಲಿನ ಮೇಲೆ ಬಗ್ಗಿ ಕುಕ್ಕರುಗಾಲಲ್ಲಿ ಕೂತಳು. ನೀರು ಹಾಕುವ ಹಾಗಿಲ್ಲ, ಎತ್ತುವ ಹಾಗಿಲ್ಲ, ಮುಚ್ಚುವ ಹಾಗೂ ಇಲ್ಲ. ನೋಡುವುದೊಂದೇ ಉಳಿದದ್ದು. ನೋಡಬೇಕಾದವರಲ್ಲಿ ಒಬ್ಬ ಮಣ್ಣಿನಡಿ ಇದ್ದ.

"ಅಮ್ಮಾ, ಅತ್ತೆ ಊಟಕ್ಕೆ ಕರೀತಿದಾರೆ," ಎನ್ನುತ್ತ ಮಗಳು ಹಿಂಬಾಗಿಲಿಗೆ ಬಂದಳು.

ಕರೆಯದಿದ್ದರೆ ಮಗಳಿಗೆ ಏನೂ ತಿಳಿಯುವುದಿಲ್ಲ, ಕೂತಲ್ಲೇ ಕೂತಿದ್ದು ಎಲ್ಲ ಹಾರಿಹೋದ ಮೇಲೆ ಎದ್ದರೆ ಸಾಕು. ಆದರೆ ಅವನು ಕಾದದ್ದು ಯಾರಿಗಾಗಿ?

"ಮೆಲ್ಲಗೆ ಬಾ," ಎಂದಳು, ತಿರುಗದೆ. "ಉಸಿರು ಬಿಗಿ ಹಿಡ್ಕೊಂಡು ಬಾ. ಇಲ್ಲಿ ಕೂತ್ಕೋ."

ಮಗಳು ಬಂದು ಪಕ್ಕದಲ್ಲಿ ಬಗ್ಗಿದಳು. ನೋಡಿದಳು. ಕೈ ತಾನಾಗಿಯೇ ಬಾಯಿಗೆ ಹೋಯಿತು.

"ನಿಂಗೆ ಅಂತ ಇಟ್ಟಿದ್ರು ನಿಮ್ಮಪ್ಪ. ನೀನು ಬಂದ ಮೇಲೇ ತೆರೆಯೋಣ ಅಂತ."

"ಇದೇನಾ ವಿಶೇಷ?"

"ಇದೇ. ಇದು ಗಂಡು. ಬೆನ್ನ ಮೇಲಿರೋದು ಮೊಟ್ಟೆ. ಅಷ್ಟನ್ನೂ ಅಪ್ಪನೇ ಹೊರ್ತಾನೆ."

ಮಗಳು ಇನ್ನಷ್ಟು ಬಗ್ಗಿದಳು. ಅವಳ ಕಣ್ಣೀರು ಕಲ್ಲಿನ ಮೇಲೆ ಬೀಳದಂತೆ ತಾಯಿ ಗಲ್ಲಕ್ಕೆ ಅಂಗೈ ಒಡ್ಡಿದಳು. ಗಾಳಿ ಸುಳಿಯಿತು. ಎರಡು ಮೊಟ್ಟೆ ಹೋದವು, ಆಮೇಲೆ ಒಂದು ಕಾಲಿನ ತುದಿ. ಮಗಳು ಎರಡೂ ಕೈ ಗೋಡೆಯ ಹಾಗೆ ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೇ ಇನ್ನೊಂದು ಹೋಯಿತು.

"ಅಮ್ಮಾ, ಉದುರ್ತಿದೆ. ಫೋನ್ ಒಳಗಿದೆ, ತರ್ತೀನಿ, ಫೋಟೊ..."

"ಹೋಗ್ಬೇಡ. ನೋಡು. ಬಿಟ್ಟುಹೋಗ್ಬೇಡ, ನೋಡು."

"ಯಾಕಮ್ಮಾ ಹೀಗೆ ಉದುರುತ್ತೆ?"

"ಅದು ಹಾಗೇನೇ," ಎಂದಳು ತಾಯಿ. ಸುಳ್ಳು ಸಲೀಸಾಗಿ ಬಂತು. "ತೆರೆದ ಮೇಲೆ ಉಳಿಯೋದಿಲ್ಲ. ಅದಕ್ಕೇ ನೀನಿದ್ದಾಗ ತೆರೀಬೇಕು ಅಂತಿದ್ರು."

ಮಗಳು ನಂಬಿ ತಲೆಯಾಡಿಸಿದಳು. ಇಬ್ಬರ ತಲೆಯೂ ತಾಗಿಕೊಂಡು ಕಲ್ಲಿನ ಮೇಲೆ ಒಂದಿಷ್ಟು ನೆರಳಾಗಿತ್ತು. ಆ ನೆರಳಿನಲ್ಲಿ ಹುಳದ ಬೆನ್ನು ಒಂದು ಕಡೆಯಿಂದ ಬರಿದಾಗುತ್ತ ಬಂತು. ಎದ್ದ ಒಂದು ಚೂರು ಮಗಳ ಮುಂಗೈ ಮೇಲೆ ಬಂದು ಕೂತಿತು, ಕರಿ ಚುಕ್ಕೆಯಾಗಿ. ದಿನವಿಡೀ ಒರೆಸಿ, ತೊಳೆದು, ಶುಚಿ ಮಾಡುವ ಅಭ್ಯಾಸದವಳು. ಅವಳ ಇನ್ನೊಂದು ಕೈ ತಾನಾಗಿಯೇ ಅದರ ಮೇಲೆ ಹೋಯಿತು.

"ಒರೆಸ್ಬೇಡ!" ತಾಯಿ ಆ ಕೈಯನ್ನು ಗಬಕ್ಕನೆ ಹಿಡಿದಳು. ಮಾತು ಕೂಗಾಗಿ ಹೊರಬಿದ್ದಿತ್ತು.

ಮಗಳು ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ನಿಧಾನವಾಗಿ ತಲೆ ತಿರುಗಿಸಿ ಹೊದಿಕೆಯ ಮೇಲೆ ತಾನು ಒರೆಸಿ ಜೋಡಿಸಿಟ್ಟ ಸಾಲುಗಳ ಕಡೆ ನೋಡಿದಳು. ಕಲ್ಲುಗಳೆಲ್ಲ ಬಿಳಿಚಿ, ಅಂಚು ಮುರುಟಿ, ಬಿಸಿಲಿನಲ್ಲಿ ಚಟಚಟ ಸದ್ದು ಮಾಡುತ್ತಿದ್ದವು.